ಚಾರ್ಜ್‌ಶೀಟ್ ಹೋಗುವವರೆಗೆ

ಹೆಬ್ಬಾಳ
11 ಜನವರಿ 2025

ಚಿರಂಜೀವಿ ಸತೀಶನಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ಹೆಬ್ಬಾಳದ ಮೇಲ್ಸೇತುವೆಯ ನಕ್ಷೆ ಮೊದಲು ಬರೆದವನು ನಾನು. ಬೀಡಿಕಟ್ಟಿನ ಕಾಗದದ ಮೇಲೆ ಬರೆದು ಒಬ್ಬ ಇಂಜಿನಿಯರಿಗೆ ಕೊಟ್ಟಿದ್ದೆ, ಆತ ಅದನ್ನು ತಲೆಕೆಳಗಾಗಿ ಹಿಡಿದು ಕಟ್ಟಿಸಿಬಿಟ್ಟ. ಅಲ್ಲಿ ಇವತ್ತಿಗೂ ಗಾಡಿಗಳು ಕೆರೆಗಿಳಿದ ಎಮ್ಮೆಗಳ ಹಾಗೆ ನಿಂತುಕೊಳ್ಳುವುದಕ್ಕೆ ಅದೇ ಕಾರಣ. ಮೊನ್ನೆ ಮಂಗಳವಾರ ನಾವೂ ನಿಂತೆವು. ಆಂಬುಲೆನ್ಸ್ ಕೂಗುತ್ತಲೇ ಇತ್ತು, ಮುಂದಿನವರಿಗೆ ಸರಿಯಲು ಜಾಗವಿರಲಿಲ್ಲ. ನಿನ್ನ ದೊಡ್ಡಪ್ಪನ ತಲೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂತಿದ್ದೆ. ಅಲುಗಾಡಬಾರದು ಎಂದು ಡ್ರೈವರ್ ತಾಜುದ್ದೀನ್ ಹೇಳಿದ್ದ. ಬಿಸಿ ರಕ್ತ ಮುಂಗೈಯಿಂದ ಮೊಣಕೈಗೆ ಇಳಿದು ಅಲ್ಲೇ ತಣ್ಣಗಾಯಿತು. ಅಷ್ಟು ಹೊತ್ತು ನಿಂತೆವು.

ನಿನ್ನನ್ನು ಪೊಲೀಸರು ಕರೆದುಕೊಂಡು ಹೋದ ಮೇಲೆ ಆದದ್ದು ನಿನಗೆ ಗೊತ್ತಿರಲಾರದು. ಹೇಳೋಣವೆಂದು ನಿನ್ನೆ ಪರಪ್ಪನ ಅಗ್ರಹಾರಕ್ಕೆ ಬಂದಿದ್ದೆ. ‘ಭೇಟಿಗೆ ಬರಲ್ಲ ಅಂತಾನೆ’ ಎಂದು ಒಳಗಿನಿಂದ ಹೇಳಿ ಕಳಿಸಿದರು. ಫೋನೂ ಮಾಡುವುದಿಲ್ಲವಂತೆ. ಹೋಗಲಿ ಬಿಡು, ನಾನು ಪತ್ರ ಬರೆಯುತ್ತೇನೆ. ನಮ್ಮೂರ ಶಾಲೆಯಲ್ಲಿ ನನ್ನ ಕೈಬರಹ ನೋಡಿ ಇನ್ಸ್‌ಪೆಕ್ಟರು ತಮ್ಮ ಪೆನ್ನನ್ನೇ ಬಿಚ್ಚಿ ಕೊಟ್ಟಿದ್ದರು. ಇದನ್ನು ನಿನಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಸಾಹೇಬರೇ, ಇದರಲ್ಲಿ ಕಳ್ಳ ವ್ಯವಹಾರ ಏನೂ ಇಲ್ಲ, ನಮ್ಮ ಮನೆಯ ಹಾಳು ಅಷ್ಟೆ.

ಜಮೀನು ಅಳೆಯುವಾಗ ನಾನು ಪಂಪ್‌ಹೌಸಿನ ಬಾಗಿಲಲ್ಲೇ ಇದ್ದೆನಲ್ಲ. ತೀರಿಹೋದ ನಿನ್ನ ಅಪ್ಪನ ಪಾಲು ಎಲ್ಲಿಗೆ ನಿಲ್ಲುತ್ತದೆ ಎಂದು ನೀನು ಕೂಗಿದ್ದು ಕೇಳಿದೆ. ‘ನಾನ್ ಸಾಯೋಗಂಟ ಇದನ್ನ ತುಂಡು ಮಾಡಕ್ಕೆ ಬಿಡಕ್ಕಿಲ್ಲ’ ಎಂದು ಅಣ್ಣ ಟೇಪಿನ ತುದಿಯನ್ನು ಮುಂಗೈಗೆ ಸುತ್ತಿಕೊಂಡದ್ದು ನೋಡಿದೆ. ನೀನು ಟೇಪು ಎಳೆದೆ. ಅವನನ್ನು ಮುಟ್ಟಲಿಲ್ಲ. ಟೇಪಿನ ಜೊತೆ ಅವನೂ ಬಂದ, ನೀರಿನ ಪೈಪು ಎಡವಿದ, ಮೋಟರಿನ ಕಲ್ಲಿಗೆ ತಲೆ ಬಡಿಯಿತು. ಇದನ್ನೇ ಸಬ್‌ಇನ್ಸ್‌ಪೆಕ್ಟರಿಗೂ ಹೇಳಿದೆ. ಆತ ಅರ್ಧ ಬರೆದುಕೊಂಡು ಪೆನ್ನು ಕೆಳಗಿಟ್ಟ. ‘ಏನ್ ಯಜಮಾನ್ರೇ, ಹೋದ ವರ್ಷ ಕುರಿ ಕಳೆದಾಗ ಚಿರತೇನ ಬಾಲ ಹಿಡಿದು ಮೂರು ಸುತ್ತು ಸುತ್ತಿಸಿದೆ ಅಂತ ಬರೆಸಿದೋರು ನೀವೇ ಅಲ್ವಾ?’ ಪಕ್ಕದ ಪೇದೆ ನಕ್ಕ. ನನಗೂ ನಗು ಬಂತು, ಆಗ ನಗಬಾರದಿತ್ತು.

ಅಣ್ಣನ ಮಗಳು ನಯನಾ ಗಂಗಾನಗರದ ಗಂಡನ ಮನೆಯಿಂದ ಬಂದವಳು, ತಳ್ಳಿ ಕೊಲ್ಲಲು ನೋಡಿದ ಎಂದು ದೂರು ಬರೆಸಿದ್ದಾಳೆ. ಅವಳು ಅಲ್ಲಿರಲಿಲ್ಲ. ಆದರೆ ಅವಳು ಓದಿದವಳು, ಚಿರತೆಯ ಬಾಲ ಹಿಡಿದವಳಲ್ಲ.

ಅಣ್ಣನ ತಲೆಯ ಬಲಗಡೆಯ ಮೂಳೆಯನ್ನು ತೆಗೆದು ಬೇರೆ ಕಡೆ ಇಟ್ಟಿದ್ದಾರೆ, ಮೆದುಳು ಊದಿಕೊಳ್ಳಲು ಜಾಗ ಬೇಕಂತೆ. ಉಸಿರಾಟಕ್ಕೆ ಮೆಷಿನ್ ಹಾಕಿದ್ದಾರೆ. ಮಿಕ್ಕಂತೆ ಚೆನ್ನಾಗಿದ್ದಾನೆ. ದುಡ್ಡಿನ ಯೋಚನೆ ಮಾಡಬೇಡ, ಆಸ್ಪತ್ರೆಯ ಮಾಲೀಕರು ನನಗೆ ಹಳೇ ಪರಿಚಯ.

ಉತ್ತರ ಬರಿ. ಹೊದಿಕೆ ಕೊಟ್ಟಿದ್ದಾರಾ?

ನಿನ್ನ ಚಿಕ್ಕಪ್ಪ
ಮುನಿಆಂಜಿನಪ್ಪ


ಹೆಬ್ಬಾಳ
24 ಜನವರಿ 2025

ಸತೀಶ,

ನೀನು ಬರೆಯಲಿಲ್ಲ. ಪರವಾಗಿಲ್ಲ, ನನಗೆ ಎರಡೂ ಕಡೆಯ ಮಾತಾಡಿ ಅಭ್ಯಾಸವಿದೆ.

ಇಲ್ಲಿ ಐಸಿಯುವಿನ ಹೊರಗೆ ಸಾಲಾಗಿ ಕಬ್ಬಿಣದ ಕುರ್ಚಿಗಳಿವೆ. ಒಬ್ಬ ರೋಗಿಗೆ ಒಂದೇ ಪಾಸು. ಬೆಳಿಗ್ಗೆ ಒಮ್ಮೆ, ಸಾಯಂಕಾಲ ಒಮ್ಮೆ ಒಳಗೆ ಬಿಡುತ್ತಾರೆ. ಬೆಳಿಗ್ಗೆಯ ಪಾಳಿ ಅತ್ತಿಗೆಯದು. ಅವರು ಅಣ್ಣನ ಪಾದ ಹಿಡಿದುಕೊಂಡು ಹಸುಗಳ ಸಮಾಚಾರ ಹೇಳಿ ಬರುತ್ತಾರೆ. ಸಾಯಂಕಾಲ ನಾನು ಹೋಗುತ್ತೇನೆ. ನನಗೆ ಅಲ್ಲಿ ಮಾತು ಬರುವುದಿಲ್ಲ. ನಗಬೇಡ, ನಿಜವಾಗಿಯೂ ಬರುವುದಿಲ್ಲ.

ಹೋದ ವಾರ ಎಂಆರ್‌ಐ ಮಾಡಬೇಕೆಂದರು. ಮೈಮೇಲೆ ಲೋಹ ಇರಬಾರದಂತೆ. ಅಣ್ಣನ ಕಿವಿಯ ಚಿನ್ನದ ಕಡಕು ನಿನಗೆ ಗೊತ್ತಲ್ಲ, ಮದುವೆಯಲ್ಲಿ ಹಾಕಿದ್ದು, ತಿರುಪು ಮಾಂಸದೊಳಗೇ ಕೂತುಬಿಟ್ಟಿದೆ. ನರ್ಸಮ್ಮ ಸೋಪು ಹಚ್ಚಿ ನೋಡಿದಳು, ಎಣ್ಣೆ ಹಚ್ಚಿ ನೋಡಿದಳು. ಕತ್ತರಿಸಬೇಕು ಎಂದಾಗ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು.

‘ಅದನ್ನ ತೆಗೆಯೋದು ಎಣದ ಕಿವಿಯಿಂದ. ನಂ ಮಾವಂದೂ ಅಂಗೇ ತೆಗೆದಿದ್ದು. ಬದುಕಿರೋನ ಕಿವಿಗೆ ಯಾವನೂ ಕತ್ರಿ ಇಕ್ಕಂಗಿಲ್ಲ.’

ಡಾಕ್ಟರು ಕೈಕಟ್ಟಿ ನಿಂತರು. ನಯನಾ ಅಳುತ್ತಾ ಕೂತಳು. ಆಗ ನಾನೇ ಮುಂದೆ ಹೋದೆ. ‘ಅತ್ತಿಗೆ, ಅದನ್ನ ನನ್ ಕಿವಿಗೆ ಆಕ್ಕೋತೀನಿ. ಒಂದು ಕಿವಿಯಿಂದ ಒಂದು ಕಿವಿಗೆ ಓದ್ರೆ ತೆಗೆದಂಗಾಗಕ್ಕಿಲ್ಲ, ಮನೇಲೇ ಇದ್ದಂಗೆ. ಅಣ್ಣ ಎದ್ದ ದಿನ ವಾಪಸ್ ಕೊಡ್ತೀನಿ.’

‘ನಿನ್ ಕಿವೀಲಿ ತೂತೆಲ್ಲಿದೆ ಕಳ್ಳ,’ ಎಂದರು. ಆದರೆ ಬಾಗಿಲು ಬಿಟ್ಟರು.

ಯಲಹಂಕ ಹಳೇ ಪೇಟೆಯಿಂದ ಒಬ್ಬ ಅಕ್ಕಸಾಲಿಯನ್ನು ಕರೆತಂದೆ. ಅವನಿಗೂ ಹಸಿರು ಗೌನು, ಟೋಪಿ ಹಾಕಿಸಿ ಒಳಗೆ ಬಿಟ್ಟರು. ಎಡಗಿವಿಯದು ಸಲೀಸಾಗಿ ಬಂತು. ಬಲಗಿವಿಯಲ್ಲಿ ಇಕ್ಕಳ ಜಾರಿ ಹಾಲೆ ಹರಿಯಿತು, ರಕ್ತ ದಿಂಬಿಗೆ ಬಿತ್ತು. ಅಕ್ಕಸಾಲಿ ಹೆದರಿ ಅಣ್ಣನ ಮುಖ ನೋಡಿದ, ನಾನೂ ನೋಡಿದೆ. ಒಂದು ರೆಪ್ಪೆಯೂ ಅಲುಗಲಿಲ್ಲ ಕಣೋ. ಸೊಳ್ಳೆ ಕಚ್ಚಿದರೆ ಇಡೀ ಊರಿಗೆ ಕೇಳುವಂತೆ ಬೈಯುತ್ತಿದ್ದ ಮನುಷ್ಯ.

ಅತ್ತಿಗೆಗೆ ಮಾತ್ರ, ಇಕ್ಕಳ ಚಿವುಟಿದಾಗ ಮುಖ ಸಿಂಡರಿಸಿದ ಎಂದು ಹೇಳಿದ್ದೇನೆ. ನೀನೂ ಹಾಗೇ ತಿಳಿದುಕೊಂಡಿರು.

ಈಗ ಮುಖ್ಯವಾದ ವಿಷಯ. ನಿನ್ನ ಜಾಮೀನು ತಿರಸ್ಕಾರವಾದ ದಿನ ನಮ್ಮೂರ ಮುನೇಶ್ ಆಸ್ಪತ್ರೆಗೆ ಬಂದಿದ್ದ. ಮೂರು ಸಿವಿಲ್ ಕೇಸು, ಎರಡು ಕ್ರಿಮಿನಲ್ ಕೇಸು ಸೋತವನು, ಕಾನೂನು ಅವನಿಗೆ ಬಾಯಿಪಾಠ. ಅವನು ಹೇಳಿದ್ದು ಇಷ್ಟು: ‘ಅಣ್ಣನ್ ಉಸಿರಿರೋಗಂಟ ಅದು ಕೊಲೆಯತ್ನ. ಉಸಿರು ಓದ್ರೆ ಕೊಲೆ. ಆದ್ರೆ ಚಾರ್ಜ್‌ಶೀಟು ಒಂದ್ಸಲ ಕೋರ್ಟಿಗೆ ಓಯ್ತು ಅಂದ್ರೆ ಮುಗೀತು, ಆಮೇಲೆ ಏನಾದ್ರೂ ಸೆಕ್ಷನ್ ಬದಲಾಗಕ್ಕಿಲ್ಲ. ತೊಂಬತ್ ದಿನದೊಳಗೆ ಆಕ್ತಾರೆ. ಅಲ್ಲಿಗಂಟ ಇಡ್ಕೊಳ್ಳಿ.’

ತೊಂಬತ್ತು ದಿನ ಏನು ಮಹಾ. ನಾನು ಇಡ್ಕೊಂಡಿರ್ತೀನಿ. ನೀನು ಹೊಟ್ಟೆ ತುಂಬಾ ಊಟ ಮಾಡು.

ನಿನ್ನ ಚಿಕ್ಕಪ್ಪ
ಮುನಿಆಂಜಿನಪ್ಪ


ಪರಪ್ಪನ ಅಗ್ರಹಾರ
2 ಫೆಬ್ರವರಿ 2025

ಚಿಕ್ಕಪ್ಪನಿಗೆ ನಮಸ್ಕಾರ.

ಎರಡೂ ಪತ್ರ ಬಂದವು. ಹೊದಿಕೆ ಕೊಟ್ಟಿದ್ದಾರೆ. ಊಟ ಆಗುತ್ತದೆ.

ಭೇಟಿಗೆ ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ನಿನ್ನನ್ನು ನೋಡಿದರೆ ದೊಡ್ಡಪ್ಪ ಹೇಗಿದ್ದಾರೆ ಎಂದು ಮುಖದಲ್ಲೇ ಗೊತ್ತಾಗಿಬಿಡುತ್ತದೆ. ಪತ್ರದಲ್ಲಾದರೆ ನೀನು ಸುಳ್ಳು ಹೇಳಬಹುದು, ನಾನು ನಂಬಬಹುದು.

ಆದರೂ ಒಂದು ಕೇಳುತ್ತೇನೆ. ಕಣ್ಣು ಬಿಟ್ಟರೆ ಮೊದಲು ಯಾರನ್ನು ಕೇಳಿದರು ಎಂದು ಬರಿ. ಬೈದರೆ ಬೈದದ್ದನ್ನೇ ಬರಿ, ತಿದ್ದಬೇಡ.

ದೊಡ್ಡಮ್ಮನಿಗೆ ಮಂಡಿ ನೋವು. ಆ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಬೇಡ. ಅಮ್ಮ ಸತ್ತ ಮೇಲೆ ಅವರ ಕೈಯ ಅನ್ನವೇ ತಿಂದು ದೊಡ್ಡವನಾದವನು ನಾನು, ಈಗ ಅವರ ಹೆಸರು ಬರೆಯುವುದಕ್ಕೂ ಕೈ ಬರುವುದಿಲ್ಲ. ನನ್ನ ಬಗ್ಗೆ ಏನಾದರೂ ಅಂದರಾ ಎಂದು ಕೇಳುವುದಿಲ್ಲ.

ಟೇಪಿನ ವಿಷಯ ಪತ್ರದಲ್ಲಿ ಬರೆಯಬೇಡ. ಅದನ್ನು ನಾನು ಕೋರ್ಟಿಗೇ ಹೇಳುತ್ತೇನೆ.

ಸತೀಶ್


ಹೆಬ್ಬಾಳ
13 ಫೆಬ್ರವರಿ 2025

ಸತೀಶ,

ನಿನ್ನ ಅಕ್ಷರ ನಿನ್ನಪ್ಪನದರ ಹಾಗೆಯೇ ಬಲಕ್ಕೆ ಬಾಗುತ್ತದೆ. ಅತ್ತಿಗೆಗೆ ತೋರಿಸಿದೆ. ಓದಿಸಿಕೊಳ್ಳಲಿಲ್ಲ, ಮಡಿಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು.

ಅಣ್ಣ ಇನ್ನೂ ಕಣ್ಣು ಬಿಟ್ಟಿಲ್ಲ. ಬಿಡುತ್ತಾನೆ. ಬಾಯಿಯ ಪೈಪು ತೆಗೆದು ಗಂಟಲಲ್ಲಿ ತೂತು ಮಾಡಿ ಅಲ್ಲಿಗೆ ಮೆಷಿನ್ ಸಿಕ್ಕಿಸಿದ್ದಾರೆ. ಅದರಿಂದ ಬಾಯಿ ಬಿಡುವಾಯಿತು, ಈಗ ನೋಡಿದರೆ ಯಾರನ್ನೋ ಬೈಯಲು ಶುರು ಮಾಡುವವನ ಹಾಗೆ ಕಾಣುತ್ತಾನೆ. ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿ ದಿನಾ ಬಂದು ಅವನ ಕಾಲುಗಳನ್ನು ಸೈಕಲ್ ತುಳಿದಂತೆ ಮಡಿಸಿ ಚಾಚಿಸುತ್ತಾಳೆ. ನಲವತ್ತು ಎಕರೆ ನಡೆದ ಕಾಲು. ಸರಿ, ಹನ್ನೊಂದು ಎಕರೆ.

ಕುರ್ಚಿಯಲ್ಲಿ ನನ್ನ ಪಕ್ಕ ಚನ್ನಕ್ಕ ಎಂಬ ಹೆಂಗಸು ಕೂರುತ್ತಿದ್ದಳು. ಬಾಗಲಕೋಟೆ ಕಡೆಯವರು, ನಾಗಸಂದ್ರದಲ್ಲಿ ಕಾರ್ಖಾನೆ ಕೆಲಸ. ಅವಳ ಗಂಡನೂ ಅಣ್ಣನ ಹಾಗೆಯೇ, ಲಾರಿಯಿಂದ ಬಿದ್ದವನು. ಮಧ್ಯಾಹ್ನ ರೊಟ್ಟಿ ಬಿಚ್ಚಿ ನನಗೂ ಮುರಿದು ಕೊಡುತ್ತಿದ್ದಳು. ನಾನು ಅವಳಿಗೆ ನನ್ನ ಕುಸ್ತಿಯ ಕಥೆಗಳನ್ನು ಹೇಳುತ್ತಿದ್ದೆ. ‘ಯಪ್ಪಾ, ಆ ಮೈಸೂರಿನ ಪೈಲ್ವಾನನ್ನ ಇನ್ನೊಮ್ಮೆ ಎತ್ತಿ ಒಗೀರಿ, ಹೊತ್ತು ಹೋಗವಲ್ದು,’ ಅನ್ನುತ್ತಿದ್ದಳು. ಹೋದ ಶುಕ್ರವಾರ ಗಂಡನನ್ನು ಊರಿಗೆ ಕರೆದುಕೊಂಡು ಹೊರಟಳು. ಬದುಕಿಸಲಿಕ್ಕಲ್ಲ. ನಾನು ಕೇಳಬಾರದಿತ್ತು, ಕೇಳಿದೆ, ಇಷ್ಟು ಬೇಗ ಬಿಟ್ಟೆಯಲ್ಲವ್ವ ಎಂದು.

‘ಬಿಡೂದಲ್ಲರೀ. ಯಾರ ಸಲುವಾಗಿ ಇವ್ರನ್ನ ಹಿಡಕೊಂಡ ಕುಂತೀನಿ ಅಂತ ನನಗ ನಾನಽ ಕೇಳಿದೆ. ನನ್ನ ಸಲುವಾಗಿ ಇತ್ತು. ಅದಕ್ಕ ಹೊಂಟೆ.’

ಅವಳ ಮಾತು ಅವಳಿಗೆ. ನಮ್ಮದು ಬೇರೆ.

ಸೋಮವಾರ ಅಣ್ಣನಿಗೆ ಜ್ವರ ಏರಿತು. ರಕ್ತಕ್ಕೆ ನಂಜು ಸೇರಿ ಕಿಡ್ನಿ ನಿಂತಿದೆ ಎಂದರು. ಡಾಕ್ಟರು ನಮ್ಮನ್ನೆಲ್ಲ ಒಂದು ಸಣ್ಣ ಕೋಣೆಗೆ ಕರೆದು ಕೂರಿಸಿದರು. ಒಳ್ಳೆಯ ಮನುಷ್ಯ, ಕನ್ನಡದಲ್ಲೇ ಹೇಳಿದರು. ‘ಮೆದುಳು ವಾಪಸ್ ಬರೋ ಲಕ್ಷಣ ಇಲ್ಲ. ಡಯಾಲಿಸಿಸ್ ಮಾಡಬಹುದು, ಮಾಡಿದ್ರೆ ದಿನ ಮುಂದಕ್ಕೆ ಹೋಗುತ್ತೆ ಅಷ್ಟೆ. ಬೇಡ ಅಂದ್ರೆ ನೋವಾಗದ ಹಾಗೆ ನೋಡ್ಕೋತೀವಿ. ಮನೆಯವರು ಯೋಚನೆ ಮಾಡಿ.’

ನಯನಾ ಅವಳ ಅಮ್ಮನ ಮುಖ ನೋಡಿದಳು. ಅತ್ತಿಗೆ, ‘ಸಾಕು ಕಣಪ್ಪ. ಅವರ್ನ ಇನ್ನು ಕುಯ್ಯಬ್ಯಾಡಿ,’ ಎಂದರು.

‘ಮಾಡಿ,’ ಎಂದೆ ನಾನು.

‘ಚಿಕ್ಕಪ್ಪ, ಪ್ಲೀಸ್,’ ಎಂದಳು ನಯನಾ.

‘ಡಯಾಲಿಸಿಸ್ ಮಾಡಿ ಸಾರ್. ಇವತ್ತಿಂದ ಬಿಲ್ಲು ನಂದು. ಎಷ್ಟಾದ್ರೂ ಆಗ್ಲಿ.’

ಡಾಕ್ಟರು ನನ್ನನ್ನೇ ನೋಡಿ, ನೀವು ಏನಾಗಬೇಕು ಎಂದು ಕೇಳಿದರು. ತಮ್ಮ ಎಂದೆ. ಅಣ್ಣನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿರಬೇಕು, ನನ್ನ ಭುಜ ಮುಟ್ಟಿದರು. ನಯನಾ ರುಜು ಹಾಕಿದಳು. ಹೊರಗೆ ಬಂದಾಗ ತಗ್ಗಿದ ದನಿಯಲ್ಲಿ, ‘ಯಾರಿಗೋಸ್ಕರ ಮಾಡ್ಸಿದ್ರಿ ಅಂತ ಗೊತ್ತು ನಂಗೆ. ಅಮ್ಮಂಗೂ ಗೊತ್ತು. ಅದಕ್ಕೇ ಅಮ್ಮ ಸುಮ್ನಿದ್ದಾಳೆ,’ ಎಂದಳು.

ನೀನು ದುಡ್ಡಿನ ಬಗ್ಗೆ ಕೇಳುತ್ತೀಯ. ಒಟ್ಟು ಮೂರು ಲಕ್ಷದೊಳಗೆ ಮುಗಿಯುತ್ತದೆ. ಮಾಲೀಕರು ಪರಿಚಯ ಎಂದು ಹೇಳಿದೆನಲ್ಲ.

ತನಿಖೆಯವರು ಮಾರ್ಚ್ ಕೊನೆಗೆ ಚಾರ್ಜ್‌ಶೀಟ್ ಹಾಕುತ್ತಾರಂತೆ. ಧೈರ್ಯವಾಗಿರು.

ನಿನ್ನ ಚಿಕ್ಕಪ್ಪ
ಮುನಿಆಂಜಿನಪ್ಪ


ಗಂಗಾನಗರ
27 ಫೆಬ್ರವರಿ 2025

ಸತೀಶ್,

ನಾನು ನಿನಗೆ ಬರೆಯುತ್ತೇನೆ ಎಂದು ನೀನು ಅಂದುಕೊಂಡಿರುವುದಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಕ್ಷಮಿಸಿದ್ದೇನೆ ಎಂದು ತಿಳಿಯಬೇಡ.

ಚಿಕ್ಕಪ್ಪ ನಿನಗೆ ಏನು ಬರೆಯುತ್ತಾರೋ ಗೊತ್ತಿಲ್ಲ, ನಿಜ ಬರೆಯುವುದಿಲ್ಲ ಎನ್ನುವುದು ಮಾತ್ರ ಗೊತ್ತು. ಆದ್ದರಿಂದ ನಾನು ಬರೆಯುತ್ತೇನೆ. ಅಪ್ಪ ಏಳುವುದಿಲ್ಲ. ಜನವರಿಯಲ್ಲೇ ಡಾಕ್ಟರು ಹೇಳಿದ್ದರು. ಈಗ ದಿನ ಬಿಟ್ಟು ದಿನ ಡಯಾಲಿಸಿಸ್. ಕೈಗಳು ಊದಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಸೊಂಟದ ಹಿಂದೆ ಹುಣ್ಣಾಗಿದೆ, ಮೂಳೆ ಕಾಣುತ್ತದೆ. ನರ್ಸ್‌ಗಳು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅವರ ತಪ್ಪಲ್ಲ. ಅಷ್ಟು ದಿನ ಮಲಗಿದ ಮೈ ಹಾಗೇ ಆಗುತ್ತದಂತೆ. ಮೊನ್ನೆ ಗಂಟಲಿನ ಕಫ ಎಳೆಯುವಾಗ ಅಪ್ಪನ ಕಣ್ಣಿಂದ ನೀರು ಬಂತು. ಅದು ಅಳು ಅಲ್ಲ, ಮೈ ತಾನಾಗಿ ಹಾಗೆ ಮಾಡುತ್ತದೆ ಎಂದರು. ಇರಬಹುದು. ನಾನು ಒರೆಸಿದೆ.

ಚಾರ್ಜ್‌ಶೀಟ್ ಆಗುವವರೆಗೆ ಜೀವ ಇದ್ದರೆ ನಿನಗೆ ಕೊಲೆಯ ಸೆಕ್ಷನ್ ಬರುವುದಿಲ್ಲ ಎಂದು ಚಿಕ್ಕಪ್ಪನಿಗೆ ಯಾರೋ ಹೇಳಿದ್ದಾರೆ. ನಿಜವೋ ಸುಳ್ಳೋ ಗೊತ್ತಿಲ್ಲ. ವಕೀಲರನ್ನು ಕೇಳಿ ಎಂದರೆ, ನನಗಿಂತ ಕಾನೂನು ಗೊತ್ತಿರುವ ವಕೀಲ ಯಲಹಂಕದಲ್ಲಿ ಹುಟ್ಟಿಲ್ಲ ಎನ್ನುತ್ತಾರೆ. ಹಗಲು ಆ ಕುರ್ಚಿ, ಮಿಕ್ಕ ಹೊತ್ತು ಪಾರ್ಕಿಂಗ್‌ನಲ್ಲಿ ರಟ್ಟು ಹಾಸಿಕೊಂಡು ಮಲಗುತ್ತಾರೆ. ನಮ್ಮ ಮನೆಗೆ ಬನ್ನಿ ಎಂದು ಕರೆದೆ, ಬರಲಿಲ್ಲ. ಬಿಲ್ಲನ್ನು ನನಗೆ ತೋರಿಸುವುದಿಲ್ಲ. ರಾಜಾನುಕುಂಟೆಯ ಸೈಟು ಮಾರಿದ್ದಾರೆ ಎಂದು ಊರಿನವರಿಂದ ಗೊತ್ತಾಯಿತು.

ಅವರು ಕೆಟ್ಟವರಲ್ಲ. ಬೆಳಿಗ್ಗೆ ಅಮ್ಮನಿಗೆ ಇಡ್ಲಿ ತಂದು ಮುರಿದು ಕೊಡುತ್ತಾರೆ. ಆದರೆ ಸಾಯಂಕಾಲ ಒಳಗೆ ಹೋದಾಗ ಅಪ್ಪನ ಮುಖ ನೋಡುವುದಿಲ್ಲ, ಮೆಷಿನ್ನಿನ ಪರದೆ ನೋಡಿ ಬರುತ್ತಾರೆ. ನಾನು ಗಾಜಿನಿಂದ ನೋಡಿದ್ದೇನೆ.

ನಾನು ಅಲ್ಲಿರಲಿಲ್ಲ. ನೀನು ತಳ್ಳಿದೆ ಎಂದು ಬರೆಸಿದ್ದು ಅಪ್ಪನ ರಕ್ತ ನೋಡಿದ ಹೊತ್ತಿನಲ್ಲಿ. ಹಾಗಂತ ತಳ್ಳಲಿಲ್ಲ ಎಂದೂ ನನ್ನ ಬಾಯಲ್ಲಿ ಬರುವುದಿಲ್ಲ. ನಿನ್ನನ್ನು ನೆನೆದು ಅಮ್ಮ ಬೇಡ ಎನ್ನುತ್ತಿಲ್ಲ, ಅವಳನ್ನು ಮೀರಿ ನಾನು ಎನ್ನಲಾರೆ. ಚಿಕ್ಕಪ್ಪ ಮಾತು ಕೇಳುವುದು ನಿನ್ನದೊಂದನ್ನೇ. ಅಪ್ಪನನ್ನು ಬಿಡಲು ನೀನು ಹೇಳು. ನಿನಗೆ ಏನಾಗುತ್ತದೆ ಎಂದು ಗೊತ್ತಿದ್ದೂ ಇದನ್ನು ಕೇಳುತ್ತಿದ್ದೇನೆ.

ನಯನಾ


ಪರಪ್ಪನ ಅಗ್ರಹಾರ
5 ಮಾರ್ಚ್ 2025

ಚಿಕ್ಕಪ್ಪ,

ನಯನಾ ಬರೆದಿದ್ದಾಳೆ. ಅವಳ ಮೇಲೆ ಕೋಪ ಮಾಡಬೇಡ.

ದೊಡ್ಡಪ್ಪನನ್ನು ಬಿಟ್ಟುಬಿಡು. ಡಯಾಲಿಸಿಸ್ ಬೇಡ ಎಂದು ಡಾಕ್ಟರಿಗೆ ನೀನೇ ಹೇಳು. ನನಗೆ ಯಾವ ಸೆಕ್ಷನ್ ಬರುತ್ತದೋ ಬರಲಿ. ಇಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡುತ್ತೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಆದರೆ ಅವಳ ಪತ್ರ ಬಂದ ಮೇಲೆ ಮಲಗುವುದೇ ಆಗುತ್ತಿಲ್ಲ. ಕಣ್ಣು ಮುಚ್ಚಿದರೆ ನಾನು ಇನ್ನೂ ಎಳೆಯುತ್ತಲೇ ಇದ್ದೇನೆ, ಅವರು ಇನ್ನೂ ಬೀಳುತ್ತಲೇ ಇದ್ದಾರೆ. ಅವರನ್ನು ಕೆಳಗೆ ಮಲಗಿಸು ಚಿಕ್ಕಪ್ಪ.

ಅವರು ಬೈದದ್ದನ್ನು ಬರಿ ಎಂದು ಕೇಳಿದ್ದೆ, ಇನ್ನು ಕೇಳುವುದಿಲ್ಲ. ನಾನು ಪಿಯುಸಿ ಫೇಲಾದಾಗ ಮನೆಯವರೆಲ್ಲ ಬೈದರು, ದೊಡ್ಡಪ್ಪ ಮಾತ್ರ ಟ್ರ್ಯಾಕ್ಟರಿನ ಕೀ ಕೊಟ್ಟು, ‘ಓಗು, ತೆಂಗಿನ್ ತೋಪಿನ ಕಡೆ ಒಂದ್ ಸಾಲು ಒಡ್ಕೊಂಡ್ ಬಾ, ತಲೆ ಸರಿಯಾಯ್ತದೆ,’ ಅಂದರು. ಸಾಲು ಸೊಟ್ಟಗಾಗಿತ್ತು. ನೋಡಿಯೂ ಸುಮ್ಮನಿದ್ದರು.

ನಿನಗಾಗಿಯೇ ಮಾಡುತ್ತಿದ್ದೇನೆ ಎನ್ನಬೇಡ. ನನಗೆ ಬೇಡ ಎಂದು ನಾನೇ ಬರೆಯುತ್ತಿದ್ದೇನೆ. ಪತ್ರ ಸಿಕ್ಕಿದ ದಿನವೇ ಹೇಳು.

ಸತೀಶ್


ರಾಜಾನುಕುಂಟೆ
7 ಏಪ್ರಿಲ್ 2025

ಸತೀಶ,

ಅಣ್ಣ ಹೋದ ಸುದ್ದಿ ನಿನಗೆ ಜೈಲಿನವರು ಹೇಳಿರುತ್ತಾರೆ. ಅದು ಹೇಗಾಯಿತೆಂದು ನಾನು ಬರೆಯಬೇಕು.

ನಿನ್ನ ಪತ್ರ ನನಗೆ ಮಾರ್ಚ್ ಎಂಟಕ್ಕೋ ಒಂಬತ್ತಕ್ಕೋ ಸಿಕ್ಕಿತು. ಓದಿದೆ. ಜೇಬಿನಲ್ಲಿ ಇಟ್ಟುಕೊಂಡೆ. ಡಾಕ್ಟರಿಗೆ ಹೇಳಲಿಲ್ಲ. ನಿನ್ನಿಂದ ಏನಾದರೂ ಬಂತಾ ಎಂದು ನಯನಾ ಕೇಳಿದಾಗ, ಬಂದಿಲ್ಲ ಎಂದೆ. ಹುಡುಗ ಬೇಸರದಲ್ಲಿ ಬರೆದಿದ್ದಾನೆ, ಕೊಲೆಯ ಸೆಕ್ಷನ್ ಅಂದರೆ ಏನು ಎಂದು ಅವನಿಗೇನು ಗೊತ್ತು ಎಂದುಕೊಂಡೆ. ಇನ್ನು ಸ್ವಲ್ಪ ದಿನ ತಾನೆ ಎಂದುಕೊಂಡೆ. ಆ ಸ್ವಲ್ಪ ದಿನದಲ್ಲಿ ಅಣ್ಣನ ಕಾಲ್ಬೆರಳುಗಳು ಕಪ್ಪಾದವು. ರಕ್ತದ ಒತ್ತಡ ಬೀಳದಂತೆ ಹಿಡಿಯುವ ಔಷಧಿಗೆ ಹಾಗಾಗುತ್ತದಂತೆ. ಅತ್ತಿಗೆ ಪಾದ ಹಿಡಿದುಕೊಂಡು ಮಾತಾಡುತ್ತಿದ್ದರಲ್ಲ, ಆಮೇಲಿಂದ ಹೊದಿಕೆಯ ಮೇಲೆ ಕೈ ಇಟ್ಟು ಬರುತ್ತಿದ್ದರು.

ಇಪ್ಪತ್ತೇಳಕ್ಕೆ ಚಾರ್ಜ್‌ಶೀಟ್ ಹೋಯಿತು. ಮುನೇಶ್ ಫೋನ್ ಮಾಡಿ ಹೇಳಿದ. ಕೊಲೆಯತ್ನ ಎಂದೇ ಇದೆ ಎಂದ. ಆಸ್ಪತ್ರೆಯ ಮುಂದಿನ ಬೇಕರಿಯಲ್ಲಿ ಅರ್ಧ ಕೇಜಿ ಮೈಸೂರುಪಾಕು ಕೊಂಡು ಮೇಲೆ ಹೋದೆ. ಅತ್ತಿಗೆಯ ಮುಂದೆ ಪೊಟ್ಟಣ ಇಟ್ಟು, ‘ಗೆದ್ವಿ ಅತ್ತಿಗೆ. ಇನ್ನು ಅಣ್ಣಂಗೆ ಏನೂ ಮಾಡಿಸೋದು ಬ್ಯಾಡ,’ ಎಂದೆ.

ಅವರು ಪೊಟ್ಟಣವನ್ನು ಮುಟ್ಟಲಿಲ್ಲ. ‘ಆಂಜಿನಪ್ಪ, ಇಷ್ಟ್ ದಿನ ನಿಂ ಅಣ್ಣನ್ ಪಕ್ಕದಾಗೆ ನಿಂತಿದ್ದಲ್ಲ, ಅವರ್ ಮಖ ಒಂದ್ಸಲ ನೋಡಿದ್ಯಾ? ಇವತ್ತು ನೋಡ್ಕೊಂಡ್ ಬಾ ಓಗು,’ ಎಂದರು.

ಹೋಗಿ ನೋಡಿದೆ. ಅದನ್ನು ಬರೆಯಲಾರೆ.

ಯುಗಾದಿಯ ಮಾರನೇ ದಿನ ಹೋದ. ಪೊಲೀಸ್ ಕೇಸಾದ್ದರಿಂದ ನೇರವಾಗಿ ಮನೆಗೆ ಕೊಡಲಿಲ್ಲ, ಮತ್ತೆ ಕೊಯ್ದು, ಹೊಲಿದು ಕೊಟ್ಟರು. ನಿನ್ನನ್ನು ಕರೆತರಲು ನಿನ್ನ ವಕೀಲೆ ನಂದಿತಾ ಅರ್ಜಿ ಹಾಕಿದ್ದಳು. ಸಾಲು ರಜೆ ಇತ್ತು, ಅರ್ಜಿ ಜಡ್ಜಿನ ಮುಂದೆ ಬರುವಷ್ಟರಲ್ಲಿ ಮಣ್ಣಾಗಿತ್ತು. ತೋಪಿನ ಬದಿಯಲ್ಲಿ, ನಮ್ಮಪ್ಪನ ಪಕ್ಕ ಮಾಡಿದೆವು. ಗಂಡುಮಗ ಇಲ್ಲದವನಿಗೆ ತಮ್ಮನ ಮಗ ಮೊದಲ ಮಣ್ಣು ಹಾಕಬೇಕು, ಅವನಿಲ್ಲದಿದ್ದರೆ ತಮ್ಮ ಎಂದು ಹಿರಿಯರು ನನ್ನನ್ನು ಕರೆದರು. ನಾನು ಬಗ್ಗಿ ಮಣ್ಣು ತೆಗೆದುಕೊಂಡೆ. ನಯನಾ ನನ್ನ ಕೈ ಹಿಡಿದು ಬಿಡಿಸಿ, ತಾನೇ ಹಾಕಿದಳು.

ನಿನ್ನೆ ನಂದಿತಾಳ ಆಫೀಸಿಗೆ ಹೋಗಿದ್ದೆ. ಸೆಕ್ಷನ್ ಬದಲಾಗದ ಹಾಗೆ ನೋಡಿಕೊಂಡ ಕಥೆಯನ್ನು ಎದೆಯುಬ್ಬಿಸಿಕೊಂಡು ಹೇಳಿದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

‘ಯಾರ್ ಹೇಳಿದ್ದು ನಿಮ್ಗೆ? ಚಾರ್ಜ್‌ಶೀಟ್ ಆದ್ಮೇಲೂ ಸೆಕ್ಷನ್ ಸೇರಿಸ್ತಾರೆ. ತೀರ್ಪು ಬರೋ ಹಿಂದಿನ ದಿನದವರೆಗೂ ಸೇರಿಸಬಹುದು. ಪೊಲೀಸ್ರು ಶುಕ್ರವಾರಾನೇ ಕೋರ್ಟಿಗೆ ಬರೆದುಕೊಟ್ಟಿದ್ದಾರೆ. ಈಗ ಕೊಲೆ ಕೇಸು. ಅವ್ರು ಜನವರಿಲಿ ಹೋಗಿದ್ರೂ ಇದೇ, ಈಗ ಹೋದ್ರೂ ಇದೇ.’

ಇನ್ನೇನು ಮಾಡುವುದು ಎಂದು ಕೇಳಿದೆ.

‘ಒಂದೇ ದಾರಿ ಇದೆ,’ ಎಂದಳು. ‘ಸತೀಶ್ ಕೊಲ್ಲೋಕೆ ಮಾಡಿದ್ದಲ್ಲ, ಟೇಪ್ ಎಳೆದಾಗ ಬಿದ್ರು ಅಂತ ತೋರಿಸ್ಬೇಕು. ಅದನ್ನ ನೋಡಿದವರು ನೀವೊಬ್ರೇ. ನಿಮ್ಮನ್ನ ಕಟಕಟೆಗೆ ನಿಲ್ಲಿಸಿ ಮೊದಲು ಕೇಳೋದು ಚಿರತೆ ಕಥೆ, ಆಮೇಲೆ ದುಡ್ಡು. ಯಾಕೆ ಖರ್ಚು ಮಾಡಿದ್ರಿ, ಎಷ್ಟು ಮಾಡಿದ್ರಿ ಅಂತ. ಅಲ್ಲಿ ಒಂದು ಸುಳ್ಳು ಸಿಕ್ಕಿದ್ರೂ ಟೇಪಿನ ಮಾತನ್ನ ಯಾರೂ ನಂಬಲ್ಲ. ನಿಜ ಹೇಳಕ್ಕಾಗುತ್ತಾ ನಿಮ್ಗೆ?’

ಆಗುತ್ತೆ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಆದ್ದರಿಂದ ಇಲ್ಲಿಂದಲೇ ಶುರು ಮಾಡುತ್ತೇನೆ. ಆಸ್ಪತ್ರೆಯ ಮಾಲೀಕರನ್ನು ನಾನು ನೋಡಿಯೇ ಇಲ್ಲ. ಸೈಟು ಮಾರಿದ್ದು ನಿಜ, ಅವಸರದಲ್ಲಿ, ಕೇಳಿದ ಬೆಲೆಗೆ. ಮೂರು ಲಕ್ಷ ಎಂದು ಬರೆದಿದ್ದೆ. ಅಣ್ಣನನ್ನು ಹಿಡಿದಿಟ್ಟುಕೊಳ್ಳಲು ನಾನು ಕಳೆದದ್ದು ಮೂವತ್ತನಾಲ್ಕು ಲಕ್ಷದ ಎಪ್ಪತ್ತು ಸಾವಿರ.

ನಿನ್ನ ಚಿಕ್ಕಪ್ಪ
ಮುನಿಆಂಜಿನಪ್ಪ